ಸಂತಾನಭಾಗ್ಯ: ಕೊರತೆ ಗಂಡಿನದಾದಾಗ

ಅಸರ್ ನಮಾಝ್ ಮುಗಿಸಿ ಮದ್ರಸದ ಜಗಲಿಯಲ್ಲಿ ಕುಳಿತಿದ್ದೆ. ವಯಸ್ಸಾದ ತಾಯಿಯೊಬ್ಬರು ಬಂದು ಬಾಗಿಲ ಬಳಿ ನಿಂತರು. "ಉಸ್ತಾದರೇ, ಮಗನ ಮದುವೆಯಾಗಿ ಆರು ವರ್ಷವಾಯಿತು. ಸೊಸೆಗೆ ಮಕ್ಕಳಾಗಲಿಲ್ಲ. ಅವಳನ್ನು ತೋರಿಸದ ಡಾಕ್ಟರಿಲ್ಲ, ಕಟ್ಟಿಸದ ನೂಲಿಲ್ಲ. ಇನ್ನು ಅವನಿಗೆ ಎರಡನೆಯ ನಿಕಾಹ್ ಮಾಡಿಸಬೇಕೆಂದಿದ್ದೇವೆ. ಶರೀಅತ್ತಿನಲ್ಲಿ ಅಡ್ಡಿಯಿಲ್ಲವಲ್ಲ?" ಎಂದು ಕೇಳಿದರು.

ನಾನು ಒಂದೇ ಪ್ರಶ್ನೆ ಕೇಳಿದೆ: "ಮಗನನ್ನು ಡಾಕ್ಟರಿಗೆ ತೋರಿಸಿದ್ದೀರಾ?"

ಆ ತಾಯಿ ಬೆರಗಾಗಿ ನನ್ನ ಮುಖ ನೋಡಿದರು. "ಅವನಿಗೇನಾಗಿದೆ ಉಸ್ತಾದರೇ? ಗಟ್ಟಿಮುಟ್ಟಾಗಿದ್ದಾನೆ!"

ಪ್ರಿಯ ಓದುಗರೇ, ಈ ಬೆರಗು ಆ ಒಬ್ಬ ತಾಯಿಯದು ಮಾತ್ರವಲ್ಲ, ನಮ್ಮ ಸಮಾಜದ್ದೇ ಆಗಿದೆ. ನಮ್ಮ ಭಾಷೆಯನ್ನೇ ನೋಡಿ. ಕನ್ನಡದಲ್ಲಿ 'ಬಂಜೆ' ಎಂಬ ಪದವಿದೆ. ಅದಕ್ಕೆ ಜನಬಳಕೆಯಲ್ಲಿ ಪುಲ್ಲಿಂಗವಿಲ್ಲ. ಮಕ್ಕಳಾಗದ ದೋಷ ಹೆಣ್ಣಿನದೇ ಎಂದು ನಾವು ಮಾತಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೇವೆ. ಪವಿತ್ರ ಕುರ್‌ಆನ್ ಹಾಗೆ ಮಾಡಿಲ್ಲ. ಅಶ್ಶೂರಾ ಅಧ್ಯಾಯದ 49 ಮತ್ತು 50ನೆಯ ಸೂಕ್ತಗಳನ್ನು ಓದಿ ನೋಡಿ. ಅಲ್ಲಾಹನು ಕೆಲವರಿಗೆ ಹೆಣ್ಣು ಮಕ್ಕಳನ್ನೂ ಕೆಲವರಿಗೆ ಗಂಡು ಮಕ್ಕಳನ್ನೂ ಕೆಲವರಿಗೆ ಎರಡನ್ನೂ ಕೊಡುತ್ತಾನೆ, ಕೆಲವರನ್ನು ಸಂತಾನವಿಲ್ಲದವರನ್ನಾಗಿ ಮಾಡುತ್ತಾನೆ ಎಂಬುದು ಅವುಗಳ ಸಾರ. ಅಲ್ಲಿ ಬಳಕೆಯಾಗಿರುವ 'ಅಖೀಮ್' ಎಂಬ ಅರಬಿ ಪದ ಗಂಡಿಗೂ ಸಲ್ಲುತ್ತದೆ, ಹೆಣ್ಣಿಗೂ ಸಲ್ಲುತ್ತದೆ. ಸಂತಾನ ಯಾರ ಹಕ್ಕೂ ಅಲ್ಲ, ಅದು ದಾನ. ದಾನ ಸಿಗದಿರುವುದು ಅಪರಾಧವೂ ಅಲ್ಲ, ಶಾಪವೂ ಅಲ್ಲ.

ಮೊದಲು ತಿಳಿಯಬೇಕಾದುದು

ಗಂಡಹೆಂಡಿರು ಒಟ್ಟಿಗಿದ್ದು, ಯಾವ ತಡೆಯನ್ನೂ ಬಳಸದೆ ಒಂದು ವರ್ಷ ಸಂಸಾರ ಮಾಡಿಯೂ ಗರ್ಭ ನಿಲ್ಲದಿದ್ದರೆ ವೈದ್ಯರು ಅದನ್ನು ಸಂತಾನಹೀನತೆ ಎನ್ನುತ್ತಾರೆ. ಜಗತ್ತಿನಲ್ಲಿ ಆರು ಮಂದಿಯಲ್ಲಿ ಒಬ್ಬರಿಗಾದರೂ ಬದುಕಿನ ಒಂದು ಘಟ್ಟದಲ್ಲಿ ಈ ತೊಂದರೆ ಎದುರಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿತು. ಇಂತಹ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ. ಕೆಲವೊಮ್ಮೆ ಅದೊಂದೇ ಕಾರಣ, ಕೆಲವೊಮ್ಮೆ ಇಬ್ಬರಲ್ಲೂ ಕೊರತೆ.

ಕರಾವಳಿಯ ನಮ್ಮ ಮನೆಗಳಲ್ಲಿ ಇನ್ನೊಂದು ಲೆಕ್ಕವನ್ನೂ ಇಡಬೇಕಾಗಿದೆ. ಮದುವೆಯಾಗಿ ಐದು ವರ್ಷವಾಯಿತು ಎನ್ನುತ್ತೇವೆ. ಆದರೆ ಮಗ ಗಲ್ಫಿನಲ್ಲಿದ್ದಾನೆ, ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಯಲ್ಲಿ ಬರುತ್ತಾನೆ. ಹಾಗಾದರೆ ಅವರು ಒಟ್ಟಿಗಿದ್ದುದು ಐದೇ ತಿಂಗಳು! ಆ ಹುಡುಗಿಯನ್ನು ಬಂಜೆ ಎನ್ನುವವರು ಮೊದಲು ಬೆರಳು ಮಡಚಿ ಎಣಿಸಲಿ.

ಗಂಡಿನ ಪರೀಕ್ಷೆ ಹೆಣ್ಣಿನ ಪರೀಕ್ಷೆಗಳಿಗಿಂತ ಎಷ್ಟೋ ಸುಲಭ. ಎರಡರಿಂದ ಏಳು ದಿನ ಸಂಯಮದಿಂದಿದ್ದು ವೀರ್ಯವನ್ನು ಪರೀಕ್ಷೆಗೆ ಕೊಡಬೇಕು. ಪ್ರಯೋಗಾಲಯದಲ್ಲಿ ವೀರ್ಯಾಣುಗಳ ಸಂಖ್ಯೆ, ಚಲನೆ ಮತ್ತು ಆಕಾರವನ್ನು ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಒಂದು ಮಿಲಿಲೀಟರಿನಲ್ಲಿ 1 ಕೋಟಿ 60 ಲಕ್ಷ ವೀರ್ಯಾಣುಗಳಿರುವುದು ಕೆಳಗಿನ ಮಿತಿ. ಅದಕ್ಕಿಂತ ಕಡಿಮೆಯಿದ್ದರೆ ಮಕ್ಕಳಾಗುವುದೇ ಇಲ್ಲವೆಂದು ಅರ್ಥವಲ್ಲ, ಸಾಧ್ಯತೆ ಕುಗ್ಗುತ್ತದೆ ಎಂದಷ್ಟೆ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆದುದರಿಂದ ಹಿಂದೆ ಬಂದಿದ್ದ ಒಂದು ಜೋರು ಜ್ವರದ ಪರಿಣಾಮವೂ ಇಂದಿನ ವರದಿಯಲ್ಲಿ ಕಾಣಬಹುದು. ಒಂದೇ ವರದಿಯನ್ನು ನೋಡಿ ಎದೆಗುಂದಬಾರದು, ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು.

ಇಲ್ಲಿ ಅನೇಕ ಗಂಡಸರನ್ನು ಕಾಡುವ ಒಂದು ತಪ್ಪು ತಿಳುವಳಿಕೆಯಿದೆ. ವೀರ್ಯಾಣುವಿನ ಕೊರತೆ ಬೇರೆ, ಪುರುಷತ್ವದ ಕೊರತೆ ಬೇರೆ. ದಾಂಪತ್ಯ ಸುಖದಲ್ಲಿ ಯಾವ ಕುಂದೂ ಇಲ್ಲದ ಆರೋಗ್ಯವಂತನ ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲದಿರಬಹುದು. ನೂರು ಗಂಡಸರಲ್ಲಿ ಸುಮಾರು ಒಬ್ಬನ ಸ್ಥಿತಿ ಹೀಗಿರುತ್ತದೆ. ಹೊರನೋಟಕ್ಕೆ ಅದು ತಿಳಿಯುವುದಿಲ್ಲ. ಪರೀಕ್ಷೆಗೆ ಹೋದರೆ ಮರ್ಯಾದೆ ಹೋಗುತ್ತದೆಂದು ಹೆದರುವವನು ತನ್ನ ಮರ್ಯಾದೆಯ ಬೆಲೆಯನ್ನು ಹೆಂಡತಿಯಿಂದ ವಸೂಲು ಮಾಡುತ್ತಿದ್ದಾನೆ.

ಚಿಕಿತ್ಸೆ ತವಕ್ಕುಲ್‌ಗೆ ವಿರುದ್ಧವೇ?

ಅಲ್ಲಾಹನು ಕೊಟ್ಟಾಗ ಕೊಡಲಿ, ಔಷಧವೇಕೆ ಎಂದು ಕೆಲವರು ಕೇಳುತ್ತಾರೆ. ನಾವು ಚಿಕಿತ್ಸೆ ಪಡೆಯಬಹುದೇ ಎಂದು ಗ್ರಾಮೀಣ ಅರಬರು ಪ್ರವಾದಿವರ್ಯರಲ್ಲಿ(ಸ) ಕೇಳಿದಾಗ ಅವರು ಚಿಕಿತ್ಸೆ ಪಡೆಯಿರೆಂದು ಹೇಳಿ, ವೃದ್ಧಾಪ್ಯವೊಂದರ ಹೊರತು ಪ್ರತಿ ರೋಗಕ್ಕೂ ಅಲ್ಲಾಹನು ಮದ್ದನ್ನು ಇಟ್ಟಿದ್ದಾನೆಂದು ತಿಳಿಸಿದುದು ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿದೆ. ಪ್ರವಾದಿ ಝಕರಿಯ್ಯಾ(ಅ) ಮುದಿ ವಯಸ್ಸಿನಲ್ಲೂ ಸಂತಾನಕ್ಕಾಗಿ ಗುಟ್ಟಾಗಿ ಪ್ರಾರ್ಥಿಸಿದ ವಿಷಯ ಮರ್ಯಮ್ ಅಧ್ಯಾಯದ ಆರಂಭದಲ್ಲೇ ಇದೆ. ಮಕ್ಕಳನ್ನು ಬಯಸುವುದು ತಪ್ಪಲ್ಲ. ಮದ್ದು ಹುಡುಕುವುದು ತಪ್ಪಲ್ಲ. ಮದ್ದೇ ಕೊಡುತ್ತದೆಂದು ನಂಬುವುದು ತಪ್ಪು.

ಎಲ್ಲರಿಗೂ ದೊಡ್ಡ ಚಿಕಿತ್ಸೆ ಬೇಕಾಗುವುದಿಲ್ಲ. ವೃಷಣದ ರಕ್ತನಾಳಗಳು ಉಬ್ಬಿಕೊಳ್ಳುವ ವೇರಿಕೋಸೀಲ್ ಎಂಬ ತೊಂದರೆ ಬಹಳ ಮಂದಿಯಲ್ಲಿ ಕಾಣುತ್ತದೆ. ಅದನ್ನು ಶಸ್ತ್ರಕ್ರಿಯೆಯಿಂದ ಸರಿಪಡಿಸಬಹುದು. ಹಾರ್ಮೋನಿನ ಕೊರತೆಗೆ ಔಷಧವಿದೆ. ನಾಳದ ತಡೆಯನ್ನು ಕೆಲವೊಮ್ಮೆ ಬಿಡಿಸಬಹುದು. ಬೀಡಿ, ಸಿಗರೇಟು, ಗುಟ್ಕಾ ಬಿಡಬೇಕು. ಮೈ ಬೆಳೆಸಲು ಜಿಮ್‌ಗಳಲ್ಲಿ ಚುಚ್ಚಿಸಿಕೊಳ್ಳುವ ಸ್ಟೀರಾಯ್ಡು ಮತ್ತು ಟೆಸ್ಟೊಸ್ಟಿರೋನ್ ವೀರ್ಯಾಣುಗಳ ಉತ್ಪತ್ತಿಯನ್ನೇ ನಿಲ್ಲಿಸಿಬಿಡಬಲ್ಲವು. ನಮ್ಮ ಯುವಕರು ಇದನ್ನು ಮದುವೆಗೆ ಮೊದಲೇ ತಿಳಿದಿರಬೇಕು.

ಹೊಸ ಚಿಕಿತ್ಸೆಗಳು ಯಾವುವು?

ಇವುಗಳಿಂದ ಫಲ ಸಿಗದಿದ್ದಾಗ ಮುಖ್ಯವಾಗಿ ಮೂರು ವಿಧಾನಗಳಿವೆ.

ಮೊದಲನೆಯದು ಐಯುಐ. ಗಂಡನ ವೀರ್ಯವನ್ನು ಪ್ರಯೋಗಾಲಯದಲ್ಲಿ ತೊಳೆದು, ಚುರುಕಾದ ವೀರ್ಯಾಣುಗಳನ್ನು ಬೇರ್ಪಡಿಸಿ, ಸರಿಯಾದ ದಿನದಂದು ತೆಳುವಾದ ನಳಿಕೆಯ ಮೂಲಕ ಹೆಂಡತಿಯ ಗರ್ಭಾಶಯಕ್ಕೆ ಸೇರಿಸುತ್ತಾರೆ. ವೀರ್ಯಾಣುಗಳ ಕೊರತೆ ಸ್ವಲ್ಪವೇ ಇದ್ದರೆ ಇದು ನೆರವಾಗಬಹುದು.

ಎರಡನೆಯದು ಐವಿಎಫ್, ಅಂದರೆ ನಾವು ಪ್ರನಾಳ ಶಿಶು ಎನ್ನುವ ವಿಧಾನ. ಹೆಂಡತಿಯ ಅಂಡಾಣುಗಳನ್ನು ಹೊರತೆಗೆದು ಗಂಡನ ವೀರ್ಯಾಣುಗಳೊಂದಿಗೆ ಪ್ರಯೋಗಾಲಯದಲ್ಲಿ ಸೇರಿಸಿ, ಮೂಡಿದ ಭ್ರೂಣವನ್ನು ಕೆಲವು ದಿನಗಳ ಬಳಿಕ ಆಕೆಯ ಗರ್ಭಾಶಯದಲ್ಲಿಡುತ್ತಾರೆ. ಈ ಮಾರ್ಗದಿಂದ ಜಗತ್ತಿನ ಮೊದಲ ಶಿಶು 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಮ್‌ನಲ್ಲಿ ಜನಿಸಿತು. ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು ಹುಟ್ಟಿತು.

ಮೂರನೆಯದು ಇಕ್ಸಿ. ಗಂಡಿನ ಕೊರತೆಗೆ ಇದೇ ದೊಡ್ಡ ದಾರಿ. ಬೆಲ್ಜಿಯಮ್‌ನ ಬ್ರಸೆಲ್ಸಿನ ವೈದ್ಯರು 1992ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. ಒಂದೇ ಒಂದು ವೀರ್ಯಾಣುವನ್ನು ಅತಿ ಸೂಕ್ಷ್ಮವಾದ ಸೂಜಿಯಿಂದ ಒಂದು ಅಂಡಾಣುವಿನೊಳಕ್ಕೆ ಸೇರಿಸುವುದು ಇದರ ಕ್ರಮ. ವೀರ್ಯದಲ್ಲಿ ವೀರ್ಯಾಣು ಇಲ್ಲದಿದ್ದರೆ ವೃಷಣದಿಂದಲೇ ಹುಡುಕಿ ತೆಗೆಯುತ್ತಾರೆ. ನಾಳದಲ್ಲಿ ತಡೆ ಮಾತ್ರ ಇದ್ದವರಲ್ಲಿ ಅದು ಹೆಚ್ಚಾಗಿ ಸಿಗುತ್ತದೆ. ಉತ್ಪತ್ತಿಯೇ ಕುಂಠಿತವಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಸಿಗುತ್ತದೆ. ಸಂಖ್ಯೆ ತೀರಾ ಕಡಿಮೆಯಿರುವವರು ಮೊದಲು ವರ್ಣತಂತುಗಳ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಏಕೆಂದರೆ ಕೆಲವು ದೋಷಗಳು ತಂದೆಯಿಂದ ಹುಟ್ಟುವ ಗಂಡು ಮಗುವಿಗೂ ಹರಿದುಹೋಗುತ್ತವೆ.

ಕೊರತೆ ಗಂಡನದು, ಸೂಜಿ ಹೆಂಡತಿಗೆ

ಓದುಗ ಸಹೋದರರೇ, ಇಲ್ಲಿ ಸ್ವಲ್ಪ ನಿಲ್ಲಿ. ಐವಿಎಫ್ ಮತ್ತು ಇಕ್ಸಿಯಲ್ಲಿ ಕೊರತೆ ನಿಮ್ಮದೇ ಆದರೂ ನೋವುಣ್ಣುವವಳು ನಿಮ್ಮ ಹೆಂಡತಿ. ಹತ್ತು ಹನ್ನೆರಡು ದಿನ ಅವಳು ದಿನವೂ ಚುಚ್ಚುಮದ್ದು ಪಡೆಯಬೇಕು. ಮತ್ತೆ ಮತ್ತೆ ಸ್ಕ್ಯಾನಿಂಗ್‌ಗೆ ಹೋಗಬೇಕು. ಮಂಪರಿನಲ್ಲಿ ಮಲಗಿಸಿ ಅಂಡಾಣುಗಳನ್ನು ತೆಗೆಯುತ್ತಾರೆ. ಕೆಲವರಿಗೆ ಔಷಧದ ಪ್ರಭಾವ ಮಿತಿಮೀರಿ ಹೊಟ್ಟೆ ಉಬ್ಬಿ ಆಸ್ಪತ್ರೆ ಸೇರಬೇಕಾಗುವುದೂ ಉಂಟು. ಇಷ್ಟಾದ ಮೇಲೂ ಮೊದಲ ಸಲವೇ ಫಲ ಕಾಣದವರೇ ಹೆಚ್ಚು. ಅವಳ ವಯಸ್ಸು ಮೂವತ್ತೈದು ದಾಟಿದಂತೆ ಸಾಧ್ಯತೆ ಇನ್ನಷ್ಟು ಕುಗ್ಗುತ್ತದೆ. ಗಂಡು ಪರೀಕ್ಷೆಯನ್ನು ಮುಂದೂಡುತ್ತ ಕಳೆಯುವ ಪ್ರತಿ ವರ್ಷವೂ ಹೆಂಡತಿಯ ಲೆಕ್ಕದಿಂದ ಕಳೆಯುತ್ತದೆ.

ಆದ್ದರಿಂದ ಆಕೆ ಮನಸಾರೆ ಒಪ್ಪಿದರೆ ಮಾತ್ರ ಈ ದಾರಿ. ಬಲವಂತ ಸಲ್ಲದು. ನಿಮ್ಮ ಕೊರತೆಯನ್ನು ಅವಳು ಮನೆಯವರ ಮುಂದೆ ತನ್ನದೆಂದು ಹೊತ್ತುಕೊಂಡಿದ್ದರೆ, ಆ ಹೊರೆಯನ್ನು ಇಳಿಸುವುದು ನಿಮ್ಮ ಕೆಲಸ. ಊರಿಗೆಲ್ಲ ಸಾರಬೇಕಾಗಿಲ್ಲ. "ನನ್ನ ಕಡೆಯಿಂದಲೂ ತೊಂದರೆಯಿದೆ" ಎಂದು ನಿಮ್ಮ ಉಮ್ಮನ ಮುಂದೆ ಒಂದು ಮಾತು ಹೇಳಿದರೆ ಸಾಕು, ಒಂದು ಹೆಣ್ಣಿನ ಕಣ್ಣೀರು ನಿಲ್ಲುತ್ತದೆ.

ಹಝ್ರತ್ ಉಮರ್(ರ) ಕಾಲದ ಒಂದು ಘಟನೆಯನ್ನು ಇಬ್ನುಲ್ ಖಯ್ಯಿಮ್ ತಮ್ಮ 'ಝಾದುಲ್ ಮಆದ್' ಗ್ರಂಥದಲ್ಲಿ ಉಲ್ಲೇಖಿಸಿದ್ದಾರೆ. ಸಂತಾನಶಕ್ತಿಯಿಲ್ಲದ ಒಬ್ಬಾತ ಮದುವೆಯಾದಾಗ ಉಮರ್(ರ) ಅವನನ್ನು ಕರೆದು, ಅದನ್ನು ಹೆಂಡತಿಗೆ ತಿಳಿಸಿದ್ದೀಯಾ ಎಂದು ವಿಚಾರಿಸಿದರು. ಇಲ್ಲವೆಂದಾಗ, ಹೋಗಿ ಆಕೆಗೆ ತಿಳಿಸು, ಬಳಿಕ ತೀರ್ಮಾನವನ್ನು ಅವಳಿಗೇ ಬಿಡು ಎಂದು ಆಜ್ಞಾಪಿಸಿದರು. ಹದಿನಾಲ್ಕು ಶತಮಾನಗಳ ಹಿಂದಿನ ಆ ನ್ಯಾಯವನ್ನು ಇಂದಿನ ನಮ್ಮ ಮನೆಗಳೊಂದಿಗೆ ಹೋಲಿಸಿ ನೋಡಿ. ವರದಿಯನ್ನು ಕಪಾಟಿನಲ್ಲಿ ಬಚ್ಚಿಟ್ಟು ಎರಡನೆಯ ಹೆಣ್ಣು ನೋಡಲು ಹೊರಡುವವನು ಇಬ್ಬರು ಹೆಣ್ಣುಮಕ್ಕಳಿಗೆ ಮೋಸ ಮಾಡುತ್ತಿದ್ದಾನೆ.

ಶರೀಅತ್ತಿನ ಗಡಿ ಎಲ್ಲಿದೆ?

ಪ್ರನಾಳ ಶಿಶುವಿನ ಸುದ್ದಿ ಹರಡಿದಾಗಲೇ ವಿದ್ವಾಂಸರು ಈ ಬಗ್ಗೆ ಚಿಂತಿಸಿದರು. ಆಗ ಈಜಿಪ್ಟಿನ ಮುಫ್ತಿಯಾಗಿದ್ದ, ಅನಂತರ ಅಲ್ ಅಝ್‌ಹರಿನ ಶೈಖ್ ಆದ ಜಾದುಲ್ ಹಖ್ ಅಲೀ ಜಾದುಲ್ ಹಖ್ 1980ರ ಮಾರ್ಚ್‌ನಲ್ಲಿ ಫತ್ವಾ ನೀಡಿದರು. 1986ರ ಅಕ್ಟೋಬರಿನಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಖ್‌ಹ್ ಅಕಾಡೆಮಿಯು ಏಳು ವಿಧಾನಗಳನ್ನು ಪರಿಶೀಲಿಸಿ ಐದನ್ನು ನಿಷಿದ್ಧವೆಂದೂ ಎರಡನ್ನು ಅಗತ್ಯವಿದ್ದಾಗ ಎಚ್ಚರಿಕೆಯೊಂದಿಗೆ ಅನುಮತಿಸಬಹುದೆಂದೂ ನಿರ್ಣಯಿಸಿತು.

ಅನುಮತಿಯಿರುವ ಎರಡು ಇವು: ಗಂಡನ ವೀರ್ಯವನ್ನೇ ಹೆಂಡತಿಯ ಒಡಲಿಗೆ ಸೇರಿಸುವುದು, ಗಂಡನ ವೀರ್ಯಾಣು ಮತ್ತು ಹೆಂಡತಿಯ ಅಂಡಾಣುವನ್ನು ಹೊರಗೆ ಸೇರಿಸಿ ಅದೇ ಹೆಂಡತಿಯ ಗರ್ಭಾಶಯದಲ್ಲಿಡುವುದು. ಇಕ್ಸಿ ಎಂಬುದು ಎರಡನೆಯದರ ಮುಂದುವರಿಕೆಯಾದ್ದರಿಂದ ಅದಕ್ಕೂ ಇದೇ ವಿಧಿ ಅನ್ವಯಿಸುತ್ತದೆ.

ನಿಷಿದ್ಧವಾದವು: ಪರಪುರುಷನ ವೀರ್ಯ, ಪರಸ್ತ್ರೀಯ ಅಂಡಾಣು, ಎರಡೂ ಹೊರಗಿನವಾಗಿರುವ ಭ್ರೂಣ, ಬಾಡಿಗೆ ತಾಯಿಯ ಗರ್ಭ, ಒಬ್ಬನಿಗೆ ಇಬ್ಬರು ಹೆಂಡಿರಿದ್ದರೆ ಒಬ್ಬಳ ಭ್ರೂಣವನ್ನು ಇನ್ನೊಬ್ಬಳ ಗರ್ಭದಲ್ಲಿಡುವುದು. ಮೂರನೆಯವರು ಯಾವ ರೂಪದಲ್ಲೂ ನಡುವೆ ಬರಬಾರದೆಂಬುದೇ ಇದರ ತಿರುಳು.

ಏಕೆ ಇಷ್ಟು ಕಟ್ಟುನಿಟ್ಟು? ವಂಶವೆಂಬುದು ಬರಿಯ ಹೆಸರಲ್ಲ. ಯಾರು ಯಾರನ್ನು ಮದುವೆಯಾಗಬಹುದು, ಯಾರ ಮುಂದೆ ಪರ್ದಾ ಬೇಕು, ಯಾರ ಸೊತ್ತು ಯಾರಿಗೆ ಸೇರಬೇಕು ಎಂಬುದೆಲ್ಲ ಅದರ ಮೇಲೆ ನಿಂತಿದೆ. ಮಕ್ಕಳನ್ನು ಅವರ ತಂದೆಯ ಹೆಸರಿನಿಂದಲೇ ಕರೆಯಬೇಕೆಂದು ಅಲ್ ಅಹ್‌ಝಾಬ್ ಅಧ್ಯಾಯ ಆದೇಶಿಸುತ್ತದೆ. ತನ್ನ ತಂದೆ ಯಾರೆಂದು ತಿಳಿಯುವುದು ಮಗುವಿನ ಹಕ್ಕು. ನಮ್ಮ ದುಃಖ ಎಷ್ಟೇ ದೊಡ್ಡದಾಗಿದ್ದರೂ, ಇನ್ನೂ ಹುಟ್ಟದ ಮಗುವಿನ ಹಕ್ಕನ್ನು ಕಸಿಯುವ ಅಧಿಕಾರವನ್ನು ಅದು ನಮಗೆ ಕೊಡುವುದಿಲ್ಲ.

ನಿಜವಾದ ಪರೀಕ್ಷೆ ಬರುವುದು ಇಲ್ಲಿಯೇ. ವೃಷಣದಲ್ಲೂ ವೀರ್ಯಾಣು ಸಿಗಲಿಲ್ಲವೆಂದು ತಿಳಿದ ದಿನ, "ದಾನಿಯ ವೀರ್ಯವಿದೆ, ಯಾರಿಗೂ ಗೊತ್ತಾಗುವುದಿಲ್ಲ" ಎಂಬ ಸಲಹೆ ಬರಬಹುದು. ಯಾರಿಗೂ ಗೊತ್ತಾಗದಿರುವುದೆಂದರೇನು? ಗೊತ್ತಿರಬೇಕಾದವನಿಗೆ ಗೊತ್ತಿದೆ. ಆ ದಿನ ಗಂಡಹೆಂಡಿರಿಬ್ಬರೂ ಒಬ್ಬರ ಕೈಯನ್ನೊಬ್ಬರು ಹಿಡಿದು "ಬೇಡ" ಎನ್ನುವುದು ಸಣ್ಣ ತ್ಯಾಗವಲ್ಲ. ಅದರ ಪ್ರತಿಫಲವೂ ಸಣ್ಣದಾಗಿರಲಾರದು.

ಕೆಲವು ಎಚ್ಚರಿಕೆಗಳು

ಒಂದು, ನಿಕಾಹ್ ಉಳಿದಿರುವಾಗ ಮಾತ್ರ ಈ ಅನುಮತಿ. ಕ್ಯಾನ್ಸರಿನಂತಹ ರೋಗದ ಚಿಕಿತ್ಸೆಗೆ ಮೊದಲು ವೀರ್ಯವನ್ನು ಶೈತ್ಯದಲ್ಲಿ ಕಾಪಿಡುವುದನ್ನು ಅನೇಕ ವಿದ್ವಾಂಸರು ಒಪ್ಪುತ್ತಾರೆ. ಆದರೆ ಮರಣದಿಂದಲೋ ತಲಾಕಿನಿಂದಲೋ ಸಂಬಂಧ ಕಡಿದುಹೋದ ಮೇಲೆ ಅದನ್ನು ಬಳಸುವಂತಿಲ್ಲ ಎಂಬುದು ಬಹುಮತದ ಅಭಿಪ್ರಾಯ.

ಎರಡು, ಉಳಿದ ಭ್ರೂಣಗಳ ವಿಷಯ. ಒಂದು ಸಲಕ್ಕೆ ಬೇಕಾದಷ್ಟು ಅಂಡಾಣುಗಳನ್ನು ಮಾತ್ರ ಫಲಿತಗೊಳಿಸಬೇಕು, ಉಳಿದರೆ ಬೇರೆಯವರಿಗೆ ಕೊಡಕೂಡದು ಎಂದು ಅದೇ ಅಕಾಡೆಮಿ 1990ರಲ್ಲಿ ನಿರ್ಣಯಿಸಿದೆ. ಇದನ್ನು ವೈದ್ಯರಿಗೆ ಮೊದಲೇ ಹೇಳಿ.

ಮೂರು, ಲಜ್ಜೆಯ ವಿಷಯ. ವೈದ್ಯಕೀಯ ಅಗತ್ಯಕ್ಕಾಗಿ ವೀರ್ಯ ಕೊಡುವುದಕ್ಕೆ ವಿದ್ವಾಂಸರು ಅವಕಾಶ ನೀಡಿದ್ದಾರೆ. ಹೆಂಡತಿಯ ನೆರವಿನಿಂದಾದರೆ ಉತ್ತಮ. ಹೆಂಡತಿಯ ಪರೀಕ್ಷೆಗೆ ಮಹಿಳಾ ವೈದ್ಯರನ್ನು ಹುಡುಕಿ. ಅಗತ್ಯಕ್ಕೆ ಸಿಗುವ ವಿನಾಯಿತಿ ಅಗತ್ಯವಿದ್ದಷ್ಟಕ್ಕೆ ಮಾತ್ರ. ಇದೇ ಕಾರಣಕ್ಕಾಗಿ ಪ್ರನಾಳ ಶಿಶು ವಿಧಾನದಿಂದ ದೂರವಿರುವುದೇ ಲೇಸೆನ್ನುವ ವಿದ್ವಾಂಸರೂ ಇದ್ದಾರೆ. ನಿಮ್ಮ ನಂಬಿಕೆಯ ವಿದ್ವಾಂಸರೊಬ್ಬರೊಂದಿಗೆ ಮಾತನಾಡಿಯೇ ಹೆಜ್ಜೆಯಿಡಿ.

ನಾಲ್ಕು, ನಮ್ಮ ದೇಶದ ಕಾನೂನು. ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನದ 2021ರ ಕಾಯ್ದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಅದರಂತೆ ಚಿಕಿತ್ಸಾಲಯ ನೋಂದಣಿಯಾಗಿರಬೇಕು, ಲಿಖಿತ ಒಪ್ಪಿಗೆ ಪಡೆಯಬೇಕು, ಹೆಣ್ಣಿನ ವಯಸ್ಸು 21ರಿಂದ 50ರ ಒಳಗೆ ಮತ್ತು ಗಂಡಿನ ವಯಸ್ಸು 21ರಿಂದ 55ರ ಒಳಗೆ ಇರಬೇಕು. ಒಪ್ಪಿಗೆ ಪತ್ರವನ್ನು ಓದದೆ ಸಹಿ ಹಾಕಬೇಡಿ. ದಾನಿಯ ವೀರ್ಯ ಅಥವಾ ಅಂಡಾಣು ಬೇಡವೆಂದು ಅದರಲ್ಲಿ ಸ್ಪಷ್ಟವಾಗಿ ಬರೆಯಿಸಿ. ಹೆಸರಿನ ಚೀಟಿ ಅದಲುಬದಲಾಗದಂತೆ ಏನು ವ್ಯವಸ್ಥೆಯಿದೆಯೆಂದು ಕೇಳಿ. ಹಾಗೆ ಕೇಳುವುದು ಅವಮರ್ಯಾದೆಯಲ್ಲ. ಗಂಡು ಮಗುವೇ ಬೇಕೆಂದು ಭ್ರೂಣವನ್ನು ಆರಿಸುವುದು 1994ರ ಕಾಯ್ದೆಯಂತೆ ಅಪರಾಧ, ಅಲ್ಲಾಹನ ತೀರ್ಮಾನಕ್ಕೂ ಅಗೌರವ.

ಐದು, ಹಣ. ಈ ಚಿಕಿತ್ಸೆ ದುಬಾರಿ. ಫಲಕ್ಕೆ ಖಾತರಿಯಿಲ್ಲ. ಎಷ್ಟು ಸಲ ಪ್ರಯತ್ನಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮೊದಲೇ ಇಬ್ಬರೂ ಕುಳಿತು ನಿಶ್ಚಯಿಸಿ. ಮಗುವಿಗಾಗಿ ಬಡ್ಡಿಯ ಸಾಲಕ್ಕೆ ಕೈಚಾಚುವುದು, ಹೆಂಡತಿಯ ಮಹ್ರಿನ ಚಿನ್ನವನ್ನು ಕೇಳದೆ ಅಡವಿಡುವುದು ಬರ್ಕತ್ತಿನ ದಾರಿಯಲ್ಲ.

ಮಕ್ಕಳಾಗದಿದ್ದರೆ?

ಹಝ್ರತ್ ಆಇಶಾರಿಗೆ(ರ) ಮಕ್ಕಳಿರಲಿಲ್ಲ. ಪ್ರವಾದಿವರ್ಯರಿಗೆ(ಸ) ಅವರ ಮೇಲಿದ್ದ ಪ್ರೀತಿ ಅದರಿಂದ ಕುಂದಲಿಲ್ಲ. ಅಕ್ಕನ ಮಗ ಅಬ್ದುಲ್ಲಾರ ಹೆಸರಿನಲ್ಲಿ ಅವರು 'ಉಮ್ಮು ಅಬ್ದುಲ್ಲಾ' ಎಂದು ಕರೆಸಿಕೊಂಡರು. ಇಡೀ ಸಮುದಾಯವೇ ಇಂದಿಗೂ ಅವರನ್ನು ತಾಯಿ ಎನ್ನುತ್ತದೆ.

ಅನಾಥ ಮಗುವನ್ನು ಸಾಕುವ ದಾರಿ ತೆರೆದಿದೆ. ಅನಾಥನ ಪೋಷಕನು ಸ್ವರ್ಗದಲ್ಲಿ ತಮ್ಮ ಸನಿಹದಲ್ಲಿರುವನೆಂದು ಪ್ರವಾದಿವರ್ಯರು(ಸ) ಎರಡು ಬೆರಳುಗಳನ್ನು ತೋರಿಸಿ ಹೇಳಿದ್ದಾರೆ. ಮಗುವಿಗೆ ಅದರ ಹೆತ್ತ ತಂದೆಯ ಹೆಸರು ಉಳಿಯಲಿ. ದೊಡ್ಡವರಾದ ಮೇಲೆ ಪರ್ದಾದ ತೊಡಕು ಬಾರದಿರಲು ಸ್ತನ್ಯಪಾನದ ಸಂಬಂಧ ನೆರವಾಗುತ್ತದೆ. ಎರಡು ವರ್ಷದೊಳಗಿನ ಗಂಡು ಮಗುವಿಗೆ ಹೆಂಡತಿಯ ಅಕ್ಕತಂಗಿಯೋ, ಹೆಣ್ಣು ಮಗುವಿಗೆ ಗಂಡನ ಅಕ್ಕತಂಗಿಯೋ ಶರೀಅತ್ತು ಹೇಳಿದ ಪ್ರಮಾಣದಲ್ಲಿ ಹಾಲುಣಿಸಿದರೆ ಆ ಮಗು ಮಹ್ರಮ್ ಆಗುತ್ತದೆ. ಸಾಕಿದ ಮಗು ವಾರಸುದಾರನಲ್ಲದಿದ್ದರೂ ಸೊತ್ತಿನ ಮೂರನೆಯ ಒಂದು ಭಾಗದವರೆಗೆ ವಸಿಯ್ಯತ್ ಬರೆಯಬಹುದು, ಬದುಕಿರುವಾಗಲೇ ಉಡುಗೊರೆಯಾಗಿಯೂ ಕೊಡಬಹುದು.

ಆ ತಾಯಿಯ ವಿಷಯ ಹೇಳಿ ಮುಗಿಸುತ್ತೇನೆ. ಮಗ ಮೊದಲು ಒಪ್ಪಲಿಲ್ಲ. ಎರಡು ತಿಂಗಳ ಬಳಿಕ ಪರೀಕ್ಷೆಗೆ ಹೋದ. ಕೊರತೆ ಅವನಲ್ಲೇ ಇತ್ತು. ಎರಡನೆಯ ನಿಕಾಹ್‌ನ ಮಾತು ಅಲ್ಲಿಗೇ ನಿಂತಿತು. ಚಿಕಿತ್ಸೆ ನಡೆಯುತ್ತಿದೆ, ಮಗು ಇನ್ನೂ ಆಗಿಲ್ಲ. ಆದರೆ ಮೊನ್ನೆ ಆ ತಾಯಿ ದಾರಿಯಲ್ಲಿ ಸಿಕ್ಕಿದಾಗ ಅವರ ಕೈಯಲ್ಲಿ ಬುತ್ತಿಯ ಚೀಲವಿತ್ತು. "ಸೊಸೆಗೆ ಇವತ್ತು ಚುಚ್ಚುಮದ್ದು ಉಸ್ತಾದರೇ, ಆಸ್ಪತ್ರೆಯ ಊಟ ಅವಳಿಗೆ ಸೇರುವುದಿಲ್ಲ" ಎಂದರು. ಆರು ವರ್ಷ ಆ ಹೆಣ್ಣುಮಗಳಿಗೆ ಸಿಗದಿದ್ದ ಒಂದು ತುತ್ತು ಪ್ರೀತಿ ಆ ಚೀಲದಲ್ಲಿತ್ತು.

ಓದುಗರೇ, ನಿಮ್ಮ ಮನೆಯಲ್ಲೂ ನೆರೆಯಲ್ಲೂ ಇಂತಹ ಸೊಸೆಯೊಬ್ಬಳು ಇರಬಹುದು. ಮದುವೆ ಮನೆಗಳಲ್ಲಿ "ವಿಶೇಷ ಏನಾದರೂ ಉಂಟಾ?" ಎಂದು ಅವಳನ್ನು ಕೇಳುವುದನ್ನು ಇಂದಿನಿಂದಲೇ ಬಿಡಿ. ಅವಳಿಗಾಗಿ ಅವಳಿಗೆ ತಿಳಿಯದಂತೆ ಒಂದು ದುಆ ಮಾಡಿ. ಸಂತಾನವಿಲ್ಲದವರಿಗೆ ಸಂತಾನವನ್ನೂ, ಸಿಗದವರಿಗೆ ಸಹನೆಯನ್ನೂ, ಸಿಕ್ಕಿದವರಿಗೆ ಕೃತಜ್ಞತೆಯನ್ನೂ ಅಲ್ಲಾಹನು ದಯಪಾಲಿಸಲಿ. ಆಮೀನ್.